ತಾನಾಗಿ ತಯಾರಾಗುವ ಬಿಲ್ಡ್ ಫೈಲುಗಳು, ಯಾರೂ ಓದದ ಫ್ಲ್ಯಾಗ್‌ಗಳು

ಮಾನ್ಯ ಸಂಪಾದಕರಿಗೆ,

ವಿಷಯ: ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಕಂಪೈಲರ್ ಮತ್ತು ಲಿಂಕರ್ ಫ್ಲ್ಯಾಗ್‌ಗಳ ದೋಷ ಪತ್ತೆ.

ಅಂತಿಮ ವರ್ಷದ ಪ್ರಾಜೆಕ್ಟ್‌ಗಳ ಮೌಲ್ಯಮಾಪನ ಹತ್ತಿರವಾಗುತ್ತಿದ್ದಂತೆ ದಾವಣಗೆರೆ, ಹರಿಹರ, ಚನ್ನಗಿರಿ, ಚಿತ್ರದುರ್ಗ ಕಡೆಯ ವಿದ್ಯಾರ್ಥಿಗಳು ನಮ್ಮಂಥ ಸಣ್ಣ ಎಲೆಕ್ಟ್ರಾನಿಕ್ಸ್ ಮತ್ತು ಸಾಫ್ಟ್‌ವೇರ್ ಘಟಕಗಳಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವುದು ವಾಡಿಕೆ. ಅವರು ತರುವ ತೊಂದರೆಗಳಲ್ಲಿ ಬಹಳಷ್ಟು ಅವರೇ ಬರೆದ ಪ್ರೋಗ್ರಾಂನಲ್ಲಿ ಇರುವುದಿಲ್ಲ. ತರ್ಕ ಸರಿಯಿರುತ್ತದೆ, ಸರ್ಕ್ಯೂಟ್ ಸರಿಯಿರುತ್ತದೆ; ಆದರೆ ಕಂಪೈಲರ್‌ಗೋ ಲಿಂಕರ್‌ಗೋ ತಲುಪಬೇಕಾದ ಒಂದು ಫ್ಲ್ಯಾಗ್ ತಲುಪಿರುವುದಿಲ್ಲ, ಇಲ್ಲವೇ ತಲುಪಬಾರದ್ದು ತಲುಪಿರುತ್ತದೆ. ಆ ಫ್ಲ್ಯಾಗ್‌ಗಳನ್ನು ಅವರು ಬರೆದಿಲ್ಲ, ಒಂದು ಉಪಕರಣ ಅವರ ಪರವಾಗಿ ಬರೆದಿದೆ. ಆದ್ದರಿಂದ ಎಲ್ಲಿ ನೋಡಬೇಕು ಎಂಬುದೇ ಅವರಿಗೆ ತಿಳಿದಿರುವುದಿಲ್ಲ. ಭಾಷೆ, ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ ಎಲ್ಲವೂ ಪಾಠವಾಗುತ್ತವೆ. ಬರೆದ ಪ್ರೋಗ್ರಾಂ ಓಡುವ ಫೈಲಾಗುವ ಈ ನಡುವಿನ ಹಂತ ಮಾತ್ರ ತರಗತಿಯಲ್ಲೂ ಬರುವುದಿಲ್ಲ, ಲ್ಯಾಬಿನಲ್ಲೂ ಬರುವುದಿಲ್ಲ. ಈ ಬಗ್ಗೆ ಅಧ್ಯಾಪಕರ ಮತ್ತು ಪರೀಕ್ಷಕರ ಗಮನ ಸೆಳೆಯಲು ಈ ಪತ್ರ.

ವಿಷಯದ ಪರಿಚಯ ಇಲ್ಲದ ಓದುಗರಿಗಾಗಿ ಎರಡು ಮಾತು. ಸಿ ಅಥವಾ ಸಿ++ ಭಾಷೆಯಲ್ಲಿ ಬರೆದ ಪ್ರತಿಯೊಂದು ಫೈಲನ್ನು ಕಂಪೈಲರ್ ಬಿಡಿಬಿಡಿಯಾಗಿ ಓದಿ ಒಂದೊಂದು ಆಬ್ಜೆಕ್ಟ್ ಫೈಲ್ ಮಾಡುತ್ತದೆ. ಆ ಬಿಡಿ ಫೈಲುಗಳನ್ನೂ ಬೇಕಾದ ಲೈಬ್ರರಿಗಳನ್ನೂ (ಮೊದಲೇ ಬರೆದಿಟ್ಟ ಫಂಕ್ಷನ್‌ಗಳ ಸಂಗ್ರಹ) ಜೋಡಿಸಿ ಓಡುವ ಪ್ರೋಗ್ರಾಂ ಮಾಡುವುದು ಲಿಂಕರ್‌ನ ಕೆಲಸ. ಈ ಇಡೀ ಪ್ರಕ್ರಿಯೆಗೆ ಬಿಲ್ಡ್ ಎನ್ನುತ್ತಾರೆ. ಫಂಕ್ಷನ್‌ಗಳ ಘೋಷಣೆಗಳಿರುವ ಹೆಡರ್ ಫೈಲುಗಳನ್ನು ಎಲ್ಲಿ ಹುಡುಕಬೇಕು, ಯಾವ ಲೈಬ್ರರಿಯನ್ನು ಸೇರಿಸಬೇಕು, ವೇಗಕ್ಕಾಗಿ ಎಷ್ಟು ತಿದ್ದುಪಡಿ ಮಾಡಬಹುದು, ಯಾವ ಪ್ರೊಸೆಸರ್‌ಗಾಗಿ ತಯಾರಿಸಬೇಕು ಎಂಬ ಸೂಚನೆಗಳೇ ಫ್ಲ್ಯಾಗ್‌ಗಳು. ಇವುಗಳನ್ನು ಪ್ರತಿ ಸಲ ಕೈಯಿಂದ ಟೈಪ್ ಮಾಡುವುದು ಕಷ್ಟವೆಂದು 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ಉಪಕರಣ ಮಾಡಿದರು. ಮುಂದೆ ಮೇಕ್‌ಗೆ ಬೇಕಾದ ಫೈಲನ್ನು ಬರೆಯುವುದೇ ದೊಡ್ಡ ಕೆಲಸವಾಯಿತು. ಅದನ್ನೂ ಬರೆದುಕೊಡುವ ಉಪಕರಣಗಳು ಬಂದವು. 2000ದಲ್ಲಿ ಕೆಲಸ ಆರಂಭವಾದ ‘ಸಿಮೇಕ್’ ಇವತ್ತು ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಮೈಕ್ರೋಕಂಟ್ರೋಲರ್ ಕಂಪನಿಗಳು ಕೊಡುವ ಐಡಿಇಗಳೂ (ಕೋಡ್ ಬರೆಯುವುದು, ಬಿಲ್ಡ್ ಮಾಡುವುದು ಎಲ್ಲವೂ ಒಂದೇ ಕಡೆ ಇರುವ ಸಾಫ್ಟ್‌ವೇರ್) ಒಳಗೊಳಗೆ ಇದನ್ನೇ ಮಾಡುತ್ತವೆ. ಹೀಗಾಗಿ ವಿದ್ಯಾರ್ಥಿ ಒಂದು ಬಟನ್ ಒತ್ತಿದಾಗ ಒಂದು ವಿವರಣೆಯಿಂದ ಇನ್ನೊಂದು ಫೈಲು, ಆ ಫೈಲಿನಿಂದ ಒಂದು ಕಮಾಂಡ್, ಕೊನೆಗೆ ಆ ಕಮಾಂಡ್‌ನಿಂದ ಪ್ರೋಗ್ರಾಂ ಹುಟ್ಟುತ್ತದೆ. ತಪ್ಪು ಕಾಣಿಸುವುದು ಕೊನೆಯ ಹಂತದಲ್ಲಿ, ಇರುವುದು ಬಹುತೇಕ ಮೊದಲನೆಯದರಲ್ಲಿ.

ನಮ್ಮ ಬಳಿ ಬಂದ ಒಂದು ಪ್ರಾಜೆಕ್ಟನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾನು ಹೇಳಬೇಕಾದ್ದೆಲ್ಲ ಅದೊಂದರಲ್ಲೇ ಇದೆ. ಎಪಿಎಂಸಿ ಪ್ರಾಂಗಣಕ್ಕೆ ಬರುವ ಮೆಕ್ಕೆಜೋಳದ ತೇವಾಂಶ ಅಳೆಯುವ ಸಣ್ಣ ಉಪಕರಣ ಅದು. ತೇವಾಂಶ ಶೇ 14ಕ್ಕಿಂತ ಹೆಚ್ಚಿದ್ದರೆ ರೈತನಿಗೆ ದರದಲ್ಲಿ ಕಡಿತ ಬೀಳುವುದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಾಗಿ ವಿಷಯದ ಆಯ್ಕೆ ಮೆಚ್ಚುವಂಥದ್ದೇ ಆಗಿತ್ತು. 32 ಬಿಟ್ ಮೈಕ್ರೋಕಂಟ್ರೋಲರ್, ಒಂದು ಸೆನ್ಸರ್, ಎರಡು ಸಾಲಿನ ಡಿಸ್‌ಪ್ಲೇ. ಬಿಲ್ಡ್ ಮಾಡಿದರೆ ಒಂದೂ ಎರರ್ ಇಲ್ಲ. ಬೋರ್ಡಿಗೆ ಹಾಕಿದರೆ ಡಿಸ್‌ಪ್ಲೇಯಲ್ಲಿ ‘ತೇವಾಂಶ’ಕ್ಕೆ ಇಟ್ಟ ಇಂಗ್ಲಿಷ್ ಪದ ಬರುತ್ತದೆ, ಶೇಕಡಾ ಚಿಹ್ನೆ ಬರುತ್ತದೆ, ನಡುವೆ ಇರಬೇಕಾದ ಅಂಕಿಯ ಜಾಗ ಮಾತ್ರ ಖಾಲಿ. ವಿದ್ಯಾರ್ಥಿಗಳು ಸೆನ್ಸರ್ ಬದಲಿಸಿದ್ದರು, ವೈರ್ ಬದಲಿಸಿದ್ದರು, ಸೆನ್ಸರ್‌ನ ಸಂಕೇತವನ್ನು ಅಂಕಿಯಾಗಿಸುವ ಎಡಿಸಿಯನ್ನು ಓದುವ ಕೋಡನ್ನು ಹೊಸದಾಗಿ ಬರೆದಿದ್ದರು.

ತೊಂದರೆ ಇದ್ದದ್ದು ಲಿಂಕರ್‌ನಲ್ಲಿ. ಸಣ್ಣ ಚಿಪ್‌ಗಳ ಫ್ಲ್ಯಾಶ್ ಮೆಮೊರಿ ಉಳಿಸಲೆಂದು ಇಂಥ ಪ್ರಾಜೆಕ್ಟ್‌ಗಳಲ್ಲಿ ‘ನ್ಯೂಲಿಬ್ ನ್ಯಾನೋ’ ಎಂಬ ಕಿರಿದಾದ ಸಿ ಲೈಬ್ರರಿ ಬಳಕೆಯಾಗುತ್ತದೆ. ಅದರ ಪ್ರಿಂಟ್‌ಎಫ್ ಕುಟುಂಬದ ಫಂಕ್ಷನ್‌ಗಳಲ್ಲಿ ದಶಮಾಂಶ ಸಂಖ್ಯೆಯನ್ನು ಅಕ್ಷರವಾಗಿಸುವ ಭಾಗವನ್ನು ಬೇಕೆಂದೇ ಹೊರಗಿಟ್ಟಿದ್ದಾರೆ. ಬೇಕಾದವರು ಲಿಂಕರ್‌ಗೆ ‘-ಯು _ಪ್ರಿಂಟ್‌ಎಫ್_ಫ್ಲೋಟ್’ ಎಂಬ ಫ್ಲ್ಯಾಗ್ ಕೊಟ್ಟು ಅದನ್ನು ಒಳಗೆ ಎಳೆದುಕೊಳ್ಳಬೇಕು. ಕೊಡದಿದ್ದರೆ ಲಿಂಕರ್ ಏನೂ ಹೇಳುವುದಿಲ್ಲ, ಪ್ರೋಗ್ರಾಂ ಕೂಡ ನಿಲ್ಲುವುದಿಲ್ಲ, ಅಂಕಿ ಮಾತ್ರ ಬರುವುದಿಲ್ಲ. ಐಡಿಇಯ ಎಡಿಟರ್ ಆ ಸಾಲಿನ ಪಕ್ಕದಲ್ಲಿ ಒಂದು ಗುರುತು ತೋರಿಸುತ್ತಿತ್ತು; ಬಿಲ್ಡ್ ಯಶಸ್ವಿಯಾಗಿದೆ ಎಂಬ ಸಂದೇಶ ಬಂದ ಮೇಲೆ ಅದರ ಕಡೆ ಯಾರು ನೋಡುತ್ತಾರೆ?

ಆಮೇಲಿನ ಕಥೆ ಇನ್ನೂ ಪಾಠ ಕಲಿಸುವಂಥದ್ದು. ಯಾರೋ ಹಿರಿಯ ವಿದ್ಯಾರ್ಥಿ ಈ ಫ್ಲ್ಯಾಗ್ ಹೇಳಿಕೊಟ್ಟಿದ್ದ. ಇವರು ಅದನ್ನು ‘ಡಿಬಗ್’ ಫೋಲ್ಡರ್‌ನಲ್ಲಿದ್ದ ಮೇಕ್‌ಫೈಲ್ ತೆರೆದು ನೇರವಾಗಿ ಅಲ್ಲೇ ಸೇರಿಸಿದ್ದರು. ಅಂಕಿ ಬಂತು. ಮರುದಿನ ಪ್ರಾಜೆಕ್ಟಿಗೆ ಇನ್ನೊಂದು ಫೈಲ್ ಸೇರಿಸಿದಾಗ ಐಡಿಇ ಮೇಕ್‌ಫೈಲನ್ನು ಹೊಸದಾಗಿ ಬರೆಯಿತು, ಅಂಕಿ ಮತ್ತೆ ಮಾಯವಾಯಿತು. ಇದು ಪಹಣಿಯ ಜೆರಾಕ್ಸ್ ಪ್ರತಿಯಲ್ಲಿ ಸರ್ವೆ ನಂಬರ್ ತಿದ್ದಿದ ಹಾಗೆ. ಮುಂದಿನ ಸಲ ನಾಡಕಚೇರಿಯಿಂದ ತೆಗೆಸಿದಾಗ ಮೂಲದಲ್ಲಿ ಇದ್ದದ್ದೇ ಬರುತ್ತದೆ. ಅಂಥ ಮೇಕ್‌ಫೈಲಿನ ಮೊದಲ ಸಾಲುಗಳಲ್ಲೇ ಇದು ತಾನಾಗಿ ತಯಾರಾದ ಫೈಲು, ತಿದ್ದಬೇಡಿ ಎಂದು ಬರೆದಿರುತ್ತದೆ. ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ಇದಕ್ಕೆಂದೇ ಇರುವ ಚೌಕದಲ್ಲಿ ಟಿಕ್ ಹಾಕಿದ ಮೇಲೆ ಸರಿಹೋಯಿತು. ಆದರೆ ಆ ಟಿಕ್ ದೋಷ ಹುಡುಕುವಾಗ ಬಳಸುವ ‘ಡಿಬಗ್’ ಎಂಬ ಸಂರಚನೆಗೆ ಮಾತ್ರ ಸಂಬಂಧಿಸಿದ್ದು. ಅಂತಿಮ ಪ್ರೋಗ್ರಾಂಗಾಗಿ ಇರುವ ‘ರಿಲೀಸ್’ ಸಂರಚನೆಗೆ ಪ್ರತ್ಯೇಕವಾಗಿ ಹಾಕಬೇಕು. ಪ್ರದರ್ಶನದ ಹಿಂದಿನ ದಿನ ರಿಲೀಸ್‌ನಲ್ಲಿ ಬಿಲ್ಡ್ ಮಾಡಿದಾಗ ಅಂಕಿ ಮೂರನೆಯ ಸಲ ಕಾಣೆಯಾಯಿತು. ಇನ್ನು ಈ ಆಯ್ಕೆಗಳೆಲ್ಲ ಉಳಿಯುವುದು ಹೆಸರಿನ ಮುಂದೆ ಚುಕ್ಕಿಯಿರುವ ಒಂದು ಫೈಲಿನಲ್ಲಿ. ಉಬುಂಟುವಿನಲ್ಲಿ ಅಂಥ ಫೈಲುಗಳು ಕಣ್ಣಿಗೆ ಬೀಳುವುದಿಲ್ಲ. ಕಾಣುವುದನ್ನು ಮಾತ್ರ ಆಯ್ದು ಪೆನ್‌ಡ್ರೈವ್‌ಗೆ ನಕಲು ಮಾಡಿದರೆ ಆಯ್ಕೆಗಳು ಹಳೆಯ ಯಂತ್ರದಲ್ಲೇ ಉಳಿಯುತ್ತವೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಆ ಫ್ಲ್ಯಾಗ್ ಸರಿಯಾದ ಪರಿಹಾರವೇ ಆದರೂ ಒಂದೇ ಪರಿಹಾರವಲ್ಲ. ಅದು ಸೇರಿದಾಗ ಪ್ರೋಗ್ರಾಂನ ಗಾತ್ರ ಬೆಳೆಯುತ್ತದೆ. ಫ್ಲ್ಯಾಶ್ ಕಡಿಮೆಯಿರುವ ಚಿಪ್ಪಿನಲ್ಲಿ ತೇವಾಂಶವನ್ನು ಹತ್ತರಿಂದ ಗುಣಿಸಿ, ಪೂರ್ಣಾಂಕವಾಗಿ ಇಟ್ಟುಕೊಂಡು, ಚುಕ್ಕಿಯನ್ನು ನಾವೇ ನಡುವೆ ಬರೆದರೆ ಫ್ಲ್ಯಾಗಿನ ಅಗತ್ಯವೇ ಇರುವುದಿಲ್ಲ. ಯಾವ ಫ್ಲ್ಯಾಗ್ ಏಕೆ ಬೇಕು ಎಂದು ತಿಳಿದವನಿಗೆ ಮಾತ್ರ ಈ ಎರಡರಲ್ಲಿ ಒಂದನ್ನು ಆರಿಸುವ ಅವಕಾಶವಿರುತ್ತದೆ.

ದೋಷ ಪತ್ತೆಯ ಮೊದಲ ಹೆಜ್ಜೆ ನಿಜವಾಗಿ ಓಡಿದ ಕಮಾಂಡನ್ನು ಕಣ್ಣಾರೆ ನೋಡುವುದು. ಸಿಮೇಕ್ ತಯಾರಿಸಿದ ಮೇಕ್‌ಫೈಲು ಮಾಮೂಲಿಯಾಗಿ ಶೇಕಡಾವಾರು ಪ್ರಗತಿಯನ್ನಷ್ಟೇ ತೋರಿಸಿ ಕಮಾಂಡನ್ನು ಮರೆಮಾಡುತ್ತದೆ. ‘ಮೇಕ್ ವರ್ಬೋಸ್=1’ ಎಂದು ಕೊಟ್ಟರೆ ಪೂರ್ತಿ ಸಾಲು ಹೊರಬರುತ್ತದೆ; ಮೇಕ್ ಬದಲು ನಿಂಜಾ ಎಂಬ ಉಪಕರಣ ಬಳಸುವವರಿಗೆ ‘ನಿಂಜಾ -ವಿ’. ಆರ್ಡುಯಿನೋ ಐಡಿಇಯ ಪ್ರಿಫರೆನ್ಸಸ್‌ನಲ್ಲಿ ಕಂಪೈಲ್ ವೇಳೆಯ ವಿವರ ತೋರಿಸುವ ಆಯ್ಕೆಯಿದೆ. ವಿಷುಯಲ್ ಸ್ಟುಡಿಯೋದ ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ಕಂಪೈಲರ್‌ಗೂ ಲಿಂಕರ್‌ಗೂ ಬೇರೆಬೇರೆಯಾಗಿ ‘ಕಮಾಂಡ್ ಲೈನ್’ ಎಂಬ ಪುಟವಿದೆ. ಸಿಮೇಕ್‌ಗೆ ಹೇಳಿದರೆ ಪ್ರತಿ ಫೈಲಿನ ಕಂಪೈಲ್ ಕಮಾಂಡನ್ನು ಒಂದು ಜೇಸನ್ ಫೈಲಿನಲ್ಲಿ ಬರೆದಿಡುತ್ತದೆ, ಆದರೆ ಅದರಲ್ಲಿ ಲಿಂಕ್ ಕಮಾಂಡ್ ಇರುವುದಿಲ್ಲ ಎಂಬುದು ನೆನಪಿರಬೇಕು. ಮೇಕ್‌ಫೈಲ್ ಬಳಸುವಾಗ ಅದು ಬಿಲ್ಡ್ ಫೋಲ್ಡರ್‌ನೊಳಗೆ ಪ್ರತಿ ಟಾರ್ಗೆಟ್‌ಗೂ (ತಯಾರಾಗಬೇಕಾದ ಪ್ರೋಗ್ರಾಂ ಅಥವಾ ಲೈಬ್ರರಿ) ಇರುವ ‘ಲಿಂಕ್.ಟಿಎಕ್ಸ್‌ಟಿ’ ಎಂಬ ಪುಟ್ಟ ಫೈಲಿನಲ್ಲಿ ಸಿಗುತ್ತದೆ. ನಾನು ಕೊಟ್ಟಿದ್ದೇನೆ ಎಂದು ನಂಬಿರುವ ಫ್ಲ್ಯಾಗ್ ಆ ಸಾಲಿನಲ್ಲಿ ಇದೆಯೇ, ಒಂದೇ ಫ್ಲ್ಯಾಗ್ ಎರಡು ಮೌಲ್ಯಗಳೊಂದಿಗೆ ಬಂದಿದೆಯೇ ಎಂದು ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉದಾಹರಣೆಗೆ ವೇಗಕ್ಕಾಗಿ ಎಷ್ಟು ತಿದ್ದಬೇಕೆಂದು ಹೇಳುವ ಫ್ಲ್ಯಾಗ್ ಮೊದಲು ‘-ಒ2’, ಆಮೇಲೆ ‘-ಒ0’ ಎಂದಿದ್ದರೆ ಜಿಸಿಸಿ ಕಂಪೈಲರ್ ಪಾಲಿಸುವುದು ಕೊನೆಯದನ್ನು.

ಎರಡನೆಯದು, ಯಾವ ಹಂತದಲ್ಲಿ ಕೈಕೊಟ್ಟಿತು ಎಂದು ಗುರುತಿಸುವುದು. ವಿದ್ಯಾರ್ಥಿಗಳು ನಮಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಫೋಟೋದಲ್ಲಿ ಸಾಮಾನ್ಯವಾಗಿ ಇರುವುದು ಕೊನೆಯ ಸಾಲು: ‘ಕಲೆಕ್ಟ್2: ಎರರ್: ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್’. ಲಿಂಕರ್ ಸೋತಿತು ಎಂಬುದರ ಹೊರತು ಆ ಸಾಲು ಏನನ್ನೂ ಹೇಳುವುದಿಲ್ಲ. ಕಾರಣ ಅದಕ್ಕಿಂತ ಮೇಲೆ, ಮೊದಲು ಬಂದ ಎರರ್‌ನಲ್ಲಿ ಇರುತ್ತದೆ. ಹೆಡರ್ ಫೈಲ್ ಸಿಗಲಿಲ್ಲ ಎಂದರೆ ಅದು ಕಂಪೈಲರ್ ಹಂತ, ಕ್ಯಾಪಿಟಲ್ ಐ ಫ್ಲ್ಯಾಗಿನ ಹಾದಿ ನೋಡಬೇಕು. ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದರೆ ಲಿಂಕರ್ ಹಂತ. ಹೆಡರ್ ಸಿಕ್ಕಿದೆ, ಫಂಕ್ಷನ್ನಿನ ಒಡಲು ಸಿಕ್ಕಿಲ್ಲ. ಅದಕ್ಕೆ ಎಷ್ಟು ಹೆಡರ್ ಹಾದಿ ಸೇರಿಸಿದರೂ ಪ್ರಯೋಜನವಿಲ್ಲ, ಆದರೆ ಬಹುಮಂದಿ ಮಾಡುವುದು ಅದನ್ನೇ. ಲೈಬ್ರರಿಯೇ ಸಿಗುತ್ತಿಲ್ಲ ಎಂದು ಲಿಂಕರ್ ಹೇಳಿದರೆ ಕ್ಯಾಪಿಟಲ್ ಎಲ್ ಫ್ಲ್ಯಾಗಿನ ಹಾದಿ ತಪ್ಪಿದೆ ಅಥವಾ ಲೈಬ್ರರಿಯ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಲ್ಲ. ಬಿಲ್ಡ್ ಎಲ್ಲ ಮುಗಿದು ಓಡಿಸುವಾಗ ಶೇರ್ಡ್ ಲೈಬ್ರರಿ (ಪ್ರೋಗ್ರಾಂನಿಂದ ಹೊರಗಿದ್ದು ಓಡುವಾಗ ಸೇರುವಂಥದ್ದು) ತೆರೆಯಲಾಗಲಿಲ್ಲ ಎಂದರೆ ಅದು ಕಂಪೈಲರ್‌ನದೂ ಅಲ್ಲ ಲಿಂಕರ್‌ನದೂ ಅಲ್ಲ, ಪ್ರೋಗ್ರಾಂ ಅನ್ನು ಮೆಮೊರಿಗೆ ತರುವ ಲೋಡರ್‌ನದು; ‘ಎಲ್‌ಡಿಡಿ’ ಕಮಾಂಡ್ ಕೊಟ್ಟರೆ ಯಾವ ಲೈಬ್ರರಿ ಸಿಕ್ಕಿಲ್ಲ ಎಂಬ ಪಟ್ಟಿ ಬರುತ್ತದೆ.

ಲಿಂಕರ್ ಹಂತದ್ದು ಎಂದು ಖಚಿತವಾದ ಮೇಲೆ ‘ಎನ್‌ಎಂ’ ಎಂಬ ಸಣ್ಣ ಕಮಾಂಡ್ ಬಹಳ ಉಪಕಾರಿ. ಅದು ಒಂದು ಆಬ್ಜೆಕ್ಟ್ ಫೈಲಿನಲ್ಲಿರುವ ಹೆಸರುಗಳನ್ನು ಪಟ್ಟಿ ಮಾಡುತ್ತದೆ. ಹೆಸರಿನ ಮುಂದೆ ‘ಟಿ’ ಇದ್ದರೆ ಫಂಕ್ಷನ್ ಅದರಲ್ಲೇ ಇದೆ, ‘ಯು’ ಇದ್ದರೆ ಹೊರಗಿನಿಂದ ಬರಬೇಕು. ಸಿ ಭಾಷೆಯಲ್ಲಿ ಬರೆದ ಸೆನ್ಸರ್ ಲೈಬ್ರರಿಯನ್ನು ಸಿ++ ಪ್ರೋಗ್ರಾಂನಿಂದ ಕರೆಯುವಾಗ ಬರುವ ಎರರ್‌ನಲ್ಲಿ ಒಂದು ಸುಳಿವು ಇರುತ್ತದೆ: ಲಿಂಕರ್ ಹುಡುಕುತ್ತಿರುವ ಹೆಸರಿನ ಮುಂದೆ ಆವರಣದೊಳಗೆ ಆರ್ಗ್ಯುಮೆಂಟ್‌ಗಳ ಟೈಪ್ ಕೂಡ ಕಾಣಿಸುತ್ತದೆ. ಸಿ ಕಂಪೈಲರ್ ಹೆಸರಿನೊಂದಿಗೆ ಟೈಪ್ ಸೇರಿಸುವುದಿಲ್ಲ, ಸಿ++ ಸೇರಿಸುತ್ತದೆ. ಅಂದರೆ ಲೈಬ್ರರಿ ಇದೆ, ಹಾದಿಯೂ ಸರಿಯಿದೆ, ಹೆಡರ್‌ನಲ್ಲಿ ‘ಎಕ್ಸ್‌ಟರ್ನ್ ಸಿ’ ಎಂಬ ಘೋಷಣೆ ಮಾತ್ರ ಇಲ್ಲ. ಇಂಥ ಕಡೆ ಯಾವ ಫ್ಲ್ಯಾಗ್ ಬದಲಿಸಿದರೂ ಕೆಲಸವಾಗದು.

ಪ್ರಥಮ ವರ್ಷದ ಲ್ಯಾಬಿನಲ್ಲೇ ತೋರಿಸಬಹುದಾದ ಒಂದು ಪ್ರಯೋಗವಿದೆ. ಲಿನಕ್ಸ್‌ನಲ್ಲಿ ವರ್ಗಮೂಲ ಕಂಡುಹಿಡಿಯುವ ಫಂಕ್ಷನ್‌ಗೆ ನೇರವಾಗಿ 16 ಎಂಬ ಸಂಖ್ಯೆ ಕೊಟ್ಟು ಜಿಸಿಸಿಯಲ್ಲಿ ಕಂಪೈಲ್ ಮಾಡಿದರೆ ಯಾವ ಫ್ಲ್ಯಾಗ್ ಇಲ್ಲದೆಯೂ ಓಡುತ್ತದೆ. ಅದೇ ಸಂಖ್ಯೆಯನ್ನು ಕೀಬೋರ್ಡಿನಿಂದ ಓದಿ ಕೊಟ್ಟರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಬರುತ್ತದೆ. ಮೊದಲನೆಯದರಲ್ಲಿ ಉತ್ತರ 4 ಎಂದು ಕಂಪೈಲರ್ ತಾನೇ ಲೆಕ್ಕಹಾಕಿ ಬರೆದುಬಿಟ್ಟಿರುತ್ತದೆ, ಗಣಿತ ಲೈಬ್ರರಿಯ ಅಗತ್ಯವೇ ಬೀಳುವುದಿಲ್ಲ. ಎರಡನೆಯದಕ್ಕೆ ಆ ಲೈಬ್ರರಿಯನ್ನು ಸೇರಿಸುವ ‘-ಎಲ್‌ಎಂ’ ಬೇಕು. ಅದನ್ನೂ ಪ್ರೋಗ್ರಾಂ ಫೈಲಿನ ಹೆಸರಿಗಿಂತ ಮೊದಲು ಬರೆದರೆ ಉಬುಂಟುವಿನಲ್ಲಿ ಮತ್ತೆ ಎರರ್. ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾ, ಆ ಕ್ಷಣದವರೆಗೆ ಯಾವ ಹೆಸರು ಬೇಕಾಗಿದೆಯೋ ಅದಕ್ಕೆ ಸಂಬಂಧಿಸಿದ್ದನ್ನು ಮಾತ್ರ ಲೈಬ್ರರಿಯಿಂದ ತೆಗೆದುಕೊಳ್ಳುತ್ತದೆ. ಪ್ರೋಗ್ರಾಂನೊಳಗೇ ಸೇರಿಹೋಗುವ ಸ್ಟ್ಯಾಟಿಕ್ ಲೈಬ್ರರಿಗಳಿಗೆ ಇದು ಮೊದಲಿನಿಂದಲೂ ಇರುವ ನಿಯಮ, ಉಬುಂಟು 11.10ರಿಂದ ಶೇರ್ಡ್ ಲೈಬ್ರರಿಗಳಿಗೂ ಹೆಚ್ಚುಕಡಿಮೆ ಹೀಗೇ ಅನ್ವಯಿಸುತ್ತಿದೆ. ಸಿಮೇಕ್‌ನಲ್ಲಿ ಲೈಬ್ರರಿಯನ್ನು ಟಾರ್ಗೆಟ್‌ಗೆ ಲಿಂಕ್ ಮಾಡುವ ಆದೇಶದ ಮೂಲಕ ಕೊಟ್ಟರೆ ಅದು ಸರಿಯಾದ ಜಾಗದಲ್ಲಿ, ಆಬ್ಜೆಕ್ಟ್ ಫೈಲುಗಳ ನಂತರ ಬರುತ್ತದೆ. ಲಿಂಕರ್ ಫ್ಲ್ಯಾಗ್‌ಗಳ ಸಾಮಾನ್ಯ ವೇರಿಯಬಲ್‌ಗೆ ತುರುಕಿದರೆ ಮೊದಲೇ ಬಂದು ವ್ಯರ್ಥವಾಗುತ್ತದೆ.

ಹಳೆಯ ಕೋಡಿನ ಸಮಸ್ಯೆ ಬೇರೆ. ಟರ್ಬೊ ಸಿ ಎಂಬ ಹಳೆಯ ಕಂಪೈಲರ್‌ನ ಕಾಲದಿಂದ ಜೆರಾಕ್ಸ್ ಆಗುತ್ತಾ ಬಂದಿರುವ ಲ್ಯಾಬ್ ಪ್ರೋಗ್ರಾಂಗಳು ಇಂದಿನ ಕಂಪೈಲರ್‌ಗಳಲ್ಲಿ ನಿಂತುಹೋಗುತ್ತಿವೆ. 2020ರಲ್ಲಿ ಬಂದ ಜಿಸಿಸಿ 10ರಿಂದ, ಒಂದೇ ಗ್ಲೋಬಲ್ ವೇರಿಯಬಲ್ ಅನ್ನು ಹೆಡರ್‌ನಲ್ಲಿ ಬರೆದು ಹಲವು ಫೈಲುಗಳಲ್ಲಿ ಸೇರಿಸಿಕೊಂಡಿದ್ದರೆ ‘ಮಲ್ಟಿಪಲ್ ಡೆಫಿನಿಷನ್’ ಎರರ್ ಬರುತ್ತದೆ. 2024ರ ಜಿಸಿಸಿ 14ರಲ್ಲಿ, ಘೋಷಣೆಯಿಲ್ಲದ ಫಂಕ್ಷನ್ ಕರೆದರೆ ಮೊದಲಿನ ಹಾಗೆ ಬರೀ ವಾರ್ನಿಂಗ್ ಅಲ್ಲ, ಎರರ್. ‘ಎಫ್‌ಕಾಮನ್’ ಫ್ಲ್ಯಾಗ್ ಹಾಕಿದರೆ ಮೊದಲನೆಯದು ಮಾಯವಾಗುತ್ತದೆ, ಎಲ್ಲ ವಾರ್ನಿಂಗ್‌ಗಳ ಬಾಯಿ ಮುಚ್ಚಿಸುವ ಫ್ಲ್ಯಾಗ್ ಕೂಡ ಇದೆ. ಇಪ್ಪತ್ತು ವರ್ಷದ ಹಳೆಯ ಬೇರೆಯವರ ಕೋಡನ್ನು ಇವತ್ತು ಸಂಜೆಯೊಳಗೆ ಓಡಿಸಬೇಕಾದವರು ಇವುಗಳನ್ನು ಬಳಸಿದರೆ ತಪ್ಪೇನಿಲ್ಲ. ವಿದ್ಯಾರ್ಥಿ ತಾನೇ ಬರೆಯುತ್ತಿರುವ ಪ್ರಾಜೆಕ್ಟಿನಲ್ಲಿ ಹೆಡರ್‌ನ ಸಾಲಿಗೆ ‘ಎಕ್ಸ್‌ಟರ್ನ್’ ಸೇರಿಸಿ, ವೇರಿಯಬಲ್ ಅನ್ನು ಒಂದೇ ಫೈಲಿನಲ್ಲಿ ಇಡುವ ಬದಲು ಇಂಥ ಫ್ಲ್ಯಾಗಿನ ಮೊರೆಹೋಗುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಸಿಮೇಕ್ ಬಳಸುವವರನ್ನು ಹೆಚ್ಚು ಕಾಡುವುದು ಅದರ ಕ್ಯಾಷ್ ಫೈಲು. ಮೊದಲ ಸಲ ಓಡಿದಾಗ ಕಂಪೈಲರ್ ಯಾವುದು, ಫ್ಲ್ಯಾಗ್ ಯಾವುದು, ಲೈಬ್ರರಿ ಎಲ್ಲಿ ಸಿಕ್ಕಿತು ಎಂಬುದನ್ನೆಲ್ಲ ಅದು ಬರೆದಿಟ್ಟುಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ಸಿಎಫ್‌ಎಲ್‌ಎಜಿಎಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಬದಲಿಸಿ ಮತ್ತೆ ಓಡಿಸಿದರೆ ಏನೂ ಆಗುವುದಿಲ್ಲ, ಏಕೆಂದರೆ ಅದನ್ನು ಓದುವುದು ಮೊದಲ ಸಲ ಮಾತ್ರ. ಬಿಲ್ಡ್ ಫೋಲ್ಡರ್ ಸಮೇತ ಪ್ರಾಜೆಕ್ಟನ್ನು ಇನ್ನೊಂದು ಯಂತ್ರಕ್ಕೆ ನಕಲು ಮಾಡಿದರೆ, ಈ ಕ್ಯಾಷ್ ಹುಟ್ಟಿದ ಜಾಗವೇ ಬೇರೆ ಎಂದು ಸಿಮೇಕ್ ತಕರಾರು ತೆಗೆಯುತ್ತದೆ. ಬಿಲ್ಡ್ ಫೋಲ್ಡರ್ ಅಳಿಸಿ ಹೊಸದಾಗಿ ಮಾಡಿದರೆ ಎರಡೂ ಸರಿ. ಅಳಿಸಲು ಧೈರ್ಯ ಬರಬೇಕಾದರೆ ಅದರೊಳಗೆ ಕೈಯಿಂದ ತಿದ್ದಿದ್ದು ಒಂದೂ ಇರಬಾರದು.

ಚನ್ನಗಿರಿ ಕಡೆಯ ತಂಡವೊಂದು ಕ್ಯಾಮೆರಾ ಚಿತ್ರದಿಂದ ಅಡಿಕೆ ವಿಂಗಡಿಸುವ ಪ್ರಾಜೆಕ್ಟ್ ಮಾಡಿತ್ತು. ಒಂದೊಂದು ಚಿತ್ರಕ್ಕೂ ಪ್ರೋಗ್ರಾಂ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರಿಂದ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಆಲೋಚನೆಯಲ್ಲಿದ್ದರು. ಪೂರ್ತಿ ಕಮಾಂಡ್ ತೆಗೆಸಿ ನೋಡಿದರೆ ಅದರಲ್ಲಿ ವೇಗ ಹೆಚ್ಚಿಸುವ ಆಪ್ಟಿಮೈಸೇಷನ್ ಫ್ಲ್ಯಾಗೇ ಇರಲಿಲ್ಲ. ಮೇಕ್‌ಫೈಲ್ ಬಳಸುವಾಗ ಬಿಲ್ಡ್ ಟೈಪ್ ಹೇಳದಿದ್ದರೆ ಸಿಮೇಕ್ ಡಿಬಗ್‌ನದೂ ಹಾಕುವುದಿಲ್ಲ, ರಿಲೀಸ್‌ನದೂ ಹಾಕುವುದಿಲ್ಲ. ರಿಲೀಸ್ ಎಂದು ಹೇಳಿದ ತಕ್ಷಣ ವೇಗವೇನೋ ಬಂತು, ಕ್ಯಾಮೆರಾ ಮಾತ್ರ ತೆರೆದುಕೊಳ್ಳಲಿಲ್ಲ. ಕಾರಣ ಇದು: ಕ್ಯಾಮೆರಾ ತೆರೆಯುವ ಕರೆಯನ್ನು ಅವರು ‘ಅಸರ್ಟ್’ (ಒಂದು ಷರತ್ತು ನಿಜವೇ ಎಂದು ಓಡುವಾಗ ಪರೀಕ್ಷಿಸುವ ಸಾಲು) ಒಳಗೆ ಬರೆದಿದ್ದರು, ಮತ್ತು ಸಿಮೇಕ್‌ನ ರಿಲೀಸ್ ಫ್ಲ್ಯಾಗ್‌ಗಳಲ್ಲಿ ‘-ಒ3’ ಜೊತೆಗೆ ‘-ಡಿಎನ್‌ಡಿಬಗ್’ ಕೂಡ ಬರುತ್ತದೆ, ಅದು ಬಂದರೆ ಅಸರ್ಟ್‌ನೊಳಗೆ ಇರುವುದೆಲ್ಲ ಪ್ರೋಗ್ರಾಂನಿಂದಲೇ ಇಲ್ಲವಾಗುತ್ತದೆ. ಎರಡೂ ಸಂರಚನೆಗಳ ಕಮಾಂಡ್‌ಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ ಇದು ಹೊಳೆಯುತ್ತದೆ, ಕೋಡನ್ನೇ ದಿಟ್ಟಿಸುತ್ತಾ ಕೂತರೆ ಹೊಳೆಯುವುದಿಲ್ಲ.

ಕೆಲವು ಫ್ಲ್ಯಾಗ್‌ಗಳು ಕಂಪೈಲರ್‌ಗೂ ಹೋಗಬೇಕು, ಲಿಂಕರ್‌ಗೂ ಹೋಗಬೇಕು. ಮೆಮೊರಿ ತಪ್ಪು ಹಿಡಿಯುವ ‘ಅಡ್ರೆಸ್ ಸ್ಯಾನಿಟೈಸರ್’ ಅಂಥದ್ದು. ಕಂಪೈಲರ್‌ಗೆ ಮಾತ್ರ ಕೊಟ್ಟರೆ ಯಾರೂ ಬರೆಯದ, ‘ಎಸಾನ್’ ಎಂದು ಶುರುವಾಗುವ ಹೆಸರುಗಳು ಸಿಗುತ್ತಿಲ್ಲ ಎಂದು ಲಿಂಕರ್ ಪುಟಗಟ್ಟಲೆ ದೂರುತ್ತದೆ. ವಿಂಡೋಸ್‌ನಲ್ಲಿ ಇದರ ಬಂಧುವಾದ ಇನ್ನೊಂದಿದೆ. ರನ್‌ಟೈಮ್ ಲೈಬ್ರರಿಯನ್ನು ಡಿಎಲ್‌ಎಲ್ ಎಂಬ ಪ್ರತ್ಯೇಕ ಫೈಲಾಗಿ ಬಳಸುವ ‘ಎಂಡಿ’ ಮತ್ತು ಪ್ರೋಗ್ರಾಂನೊಳಗೇ ಸೇರಿಸುವ ‘ಎಂಟಿ’ ಎಂಬ ಆಯ್ಕೆಗಳಲ್ಲಿ ಪ್ರಾಜೆಕ್ಟ್ ಒಂದನ್ನು, ಹೊರಗಿನಿಂದ ತಂದ ಲೈಬ್ರರಿ ಇನ್ನೊಂದನ್ನು ಬಳಸಿದ್ದರೆ ಎಲ್‌ಎನ್‌ಕೆ 2038 ಎಂಬ ಎರರ್ ಬರುತ್ತದೆ. ಎರರ್‌ನಲ್ಲೇ ಎರಡೂ ಮೌಲ್ಯಗಳನ್ನು ಬರೆದಿರುತ್ತಾರೆ, ಓದಿದರೆ ಸಾಕು. ಸಿಮೇಕ್ 3.15ರಿಂದ ಇದಕ್ಕೆ ಪ್ರತ್ಯೇಕ ವೇರಿಯಬಲ್ ಕೂಡ ಇದೆ.

ಇನ್ನೊಂದು, ಲ್ಯಾಬಿನ ಹೊಸ ಕಂಪ್ಯೂಟರಿನಲ್ಲಿ ‘ಮಾರ್ಚ್=ನೇಟಿವ್’ ಎಂಬ, ಆ ಯಂತ್ರದ ಪ್ರೊಸೆಸರ್‌ಗೇ ಹೊಂದಿಸುವ ಫ್ಲ್ಯಾಗ್ ಹಾಕಿ ತಯಾರಿಸಿದ ಪ್ರೋಗ್ರಾಂ ಸೆಮಿನಾರ್ ಹಾಲ್‌ನ ಹಳೆಯ ಕಂಪ್ಯೂಟರಿನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತುಹೋಗಬಹುದು. ಅದು ವೈರಸ್ ಅಲ್ಲ.

ಈಗೀಗ ಎಐ ಸಹಾಯಕಗಳನ್ನು ಕೇಳಿ ಫ್ಲ್ಯಾಗ್ ಸೇರಿಸುವುದು ಹೆಚ್ಚಾಗಿದೆ. ಕೇಳುವುದಕ್ಕೆ ನನ್ನ ಆಕ್ಷೇಪವಿಲ್ಲ, ನಾವೂ ಕೇಳುತ್ತೇವೆ. ಆದರೆ ಕೊನೆಯ ಸಾಲನ್ನಷ್ಟೇ ಕೊಟ್ಟು ಕೇಳಿದರೆ ಬರುವ ಉತ್ತರವೂ ಊಹೆಯೇ ಆಗಿರುತ್ತದೆ, ಮತ್ತು ವಿದ್ಯಾರ್ಥಿ ಬಂದ ಫ್ಲ್ಯಾಗ್‌ಗಳನ್ನೆಲ್ಲ ಒಟ್ಟಿಗೆ ಸುರಿಯುತ್ತಾನೆ. ಅವುಗಳಲ್ಲಿ ಯಾವುದೋ ಒಂದು ಎರರ್ ಹೋಗಲಾಡಿಸಿರುತ್ತದೆ, ಉಳಿದವು ಹಾಗೇ ಕೂತಿರುತ್ತವೆ. ಲೆಕ್ಕದ ನಿಖರತೆಯನ್ನೇ ಸಡಿಲಿಸುವ ‘ಫಾಸ್ಟ್ ಮ್ಯಾಥ್’ ಫ್ಲ್ಯಾಗ್ ಹೀಗೆ ಬಂದು ಸೇರಿದ್ದ ಒಂದು ಅಳತೆಯ ಪ್ರಾಜೆಕ್ಟನ್ನು ನಾನು ನೋಡಿದ್ದೇನೆ. ಏಕೆ ಇದೆ ಎಂದು ಕೇಳಿದರೆ ತಂಡದ ಯಾರಲ್ಲೂ ಉತ್ತರವಿರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಮಾಂಡಿನಲ್ಲಿ ಅದು ಬಂತೇ ಎಂದು ನೋಡಿ, ಪ್ರಯೋಜನವಾಗದಿದ್ದರೆ ತೆಗೆದುಹಾಕುವ ಅಭ್ಯಾಸ ಲ್ಯಾಬಿನಲ್ಲೇ ಬೆಳೆಯಬೇಕು.

ಇದಕ್ಕೆ ಹೊಸ ಅನುದಾನ ಬೇಕಿಲ್ಲ. ಜಿಸಿಸಿ, ಸಿಮೇಕ್, ನಿಂಜಾ ಎಲ್ಲವೂ ಉಚಿತ, ಲ್ಯಾಬಿನ ಹಳೆಯ ಯಂತ್ರಗಳಲ್ಲೂ ಓಡುತ್ತವೆ. ಎರಡನೆಯ ವರ್ಷದ ಒಂದೆರಡು ಲ್ಯಾಬ್ ಅವಧಿಗಳನ್ನು ಇದಕ್ಕೆ ಮೀಸಲಿಟ್ಟು, ಐಡಿಇಯ ಬಟನ್ ಬಿಟ್ಟು ಟರ್ಮಿನಲ್‌ನಲ್ಲಿ ಎರಡು ಫೈಲಿನ ಪ್ರೋಗ್ರಾಂ ಒಂದನ್ನು ಹಂತ ಹಂತವಾಗಿ ಕಂಪೈಲ್ ಮಾಡಿಸಿ, ಬೇಕೆಂದೇ ಒಂದೊಂದು ಫ್ಲ್ಯಾಗ್ ತೆಗೆದು ಬರುವ ಎರರ್ ಓದಿಸಿದರೆ ಸಾಕು. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಪ್ರತಿ ಪ್ರೋಗ್ರಾಂನ ಕೆಳಗೆ ಅದನ್ನು ಕಂಪೈಲ್ ಮಾಡಿದ ಪೂರ್ತಿ ಕಮಾಂಡ್, ‘ವಾಲ್’ ಎಂಬ ವಾರ್ನಿಂಗ್ ಫ್ಲ್ಯಾಗ್ ಸಹಿತ, ಅಚ್ಚಾಗಲಿ. ನಮ್ಮ ಎರಡೂ ಜಿಲ್ಲೆಗಳ ಮಕ್ಕಳಲ್ಲಿ ಬಹಳಷ್ಟು ಮಂದಿ ಹೈಸ್ಕೂಲ್‌ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಪರದೆ ತುಂಬ ಇಂಗ್ಲಿಷ್ ಎರರ್ ಬಂದ ಕೂಡಲೇ ಹೆದರಿ ಕೊನೆಯ ಸಾಲಿಗೆ ಹಾರುತ್ತಾರೆ. ಅದನ್ನು ಫೈಲಿನ ಹೆಸರು, ಸಾಲಿನ ಸಂಖ್ಯೆ, ದೂರು ಎಂದು ಬಿಡಿಸಿ ಕನ್ನಡದಲ್ಲಿ ಹೇಳಿಕೊಡುವುದಕ್ಕೆ ಅಧ್ಯಾಪಕರಿಗೆ ಯಾವ ನಿಯಮವೂ ಅಡ್ಡಿ ಬರುವುದಿಲ್ಲ. ಚಳ್ಳಕೆರೆ ಬಳಿಯ ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್‌ನಲ್ಲಿ ಅಧ್ಯಾಪಕರಿಗೆ ತರಬೇತಿ ನಡೆಯುತ್ತದೆ. ಆಸಕ್ತರು ಈ ವಿಷಯವನ್ನು ಅಲ್ಲಿಯೂ ಪ್ರಸ್ತಾಪಿಸಬಹುದು.

ಪರೀಕ್ಷಕರಲ್ಲಿ ನನ್ನ ವಿನಂತಿ ಒಂದೇ. ಪ್ರಾಜೆಕ್ಟ್ ಪ್ರದರ್ಶನದ ದಿನ ಮೊದಲೇ ಬಿಲ್ಡ್ ಆಗಿರುವ ಪ್ರೋಗ್ರಾಂ ಓಡಿಸಿ ತೋರಿಸಿದ್ದಕ್ಕೆ ಅಂಕ ಕೊಡುವ ಬದಲು, ಖಾಲಿ ಫೋಲ್ಡರ್‌ನಲ್ಲಿ ಮೂಲ ಕೋಡನ್ನು ಮಾತ್ರ ಇಟ್ಟು ಎದುರಿಗೇ ಬಿಲ್ಡ್ ಮಾಡಿಸಬೇಕು. ವರದಿಯ ಅನುಬಂಧದಲ್ಲಿ ಈಗ ಪುಟಗಟ್ಟಲೆ ಅಚ್ಚಾಗುವ ಸೋರ್ಸ್ ಕೋಡಿನ ಬದಲು ಕಂಪೈಲರ್‌ನ ಆವೃತ್ತಿ, ಒಂದು ಫೈಲಿನ ಪೂರ್ತಿ ಕಂಪೈಲ್ ಕಮಾಂಡ್, ಪೂರ್ತಿ ಲಿಂಕ್ ಕಮಾಂಡ್, ಪ್ರತಿ ಫ್ಲ್ಯಾಗ್ ಏಕೆ ಬೇಕು ಎಂಬ ಒಂದೊಂದು ಸಾಲು ಇರಲಿ. ಮೌಖಿಕ ಪರೀಕ್ಷೆಯಲ್ಲಿ ಅವುಗಳಲ್ಲಿ ಯಾವುದಾದರೂ ಒಂದನ್ನು ತೋರಿಸಿ, ಇದನ್ನು ತೆಗೆದರೆ ಏನಾಗುತ್ತದೆ ಎಂದು ಕೇಳಲಿ. ಈ ಬೇಡಿಕೆಯನ್ನು ಕಾಲೇಜುಗಳು ಸೆಮಿಸ್ಟರ್ ಆರಂಭದಲ್ಲೇ ನೋಟಿಸ್ ಬೋರ್ಡಿಗೆ ಹಾಕಿದರೆ ತಂಡಗಳಿಗೆ ತಯಾರಾಗಲು ಸಾಕಷ್ಟು ಸಮಯ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಎಂಬೆಡೆಡ್ ಸಾಫ್ಟ್‌ವೇರ್ ಕ್ಷೇತ್ರದ ಓದುಗ,
ವಿದ್ಯಾನಗರ, ದಾವಣಗೆರೆ